ಚಿನಿವಾರನ ಮುದ್ರೆಯು ಕಳಂಕವೇ?

ಮನೆಯ ಹಿರಿಯರು ಕೂಡಿಸಿಟ್ಟ ಹಳೆಯ ಬೆಳ್ಳಿಯ ರೂಪಾಯಿಗಳನ್ನು ಪೇಟೆಗೆ ಒಯ್ದವರು, ಅವುಗಳಿಗೆ ಗಾಯಗಳಾಗಿವೆಯೆಂದೂ ಬೆಳ್ಳಿಯ ತೂಕದ ಬೆಲೆಯೇ ಹೊರತು ಬೇರೆ ಬೆಲೆಯಿಲ್ಲವೆಂದೂ ಕೇಳಿ ಹಿಂದಿರುಗುವುದುಂಟು. ಗಾಯವೆಂದರೆ ನಾಣ್ಯದ ಮೇಲೆ ವರ್ತಕರು ಒತ್ತಿದ ಹೂವು, ನಕ್ಷತ್ರ, ಚುಕ್ಕೆ ಮೊದಲಾದ ಸಣ್ಣ ಗುರುತುಗಳು. ಇವನ್ನು ದೋಷವೆಂದೆಣಿಸುವುದು ಎಷ್ಟರ ಮಟ್ಟಿಗೆ ನ್ಯಾಯವೆಂಬುದು ವಿಚಾರಾರ್ಹವಾಗಿದೆ.

ಹಿಂದೆ ನಾಣ್ಯದ ಬೆಲೆಯು ಅದರ ಬೆಳ್ಳಿಯಲ್ಲಿಯೇ ಇದ್ದಿತು. ಮೊಗಲರ ರೂಪಾಯಿಯು ಸುಮಾರು 11½ ಗ್ರಾಂ ತೂಕದ, ಬಹುಮಟ್ಟಿಗೆ ಅಪ್ಪಟವಾದ ಬೆಳ್ಳಿ. ಅದರ ಅಂಚನ್ನು ಕತ್ತರಿಸುವವರೂ, ತಾಮ್ರದ ಬಿಲ್ಲೆಗೆ ಬೆಳ್ಳಿಯನ್ನು ಹೊದಿಸುವವರೂ ಇದ್ದುದರಿಂದ, ಚಿನಿವಾರನು ತೂಗಿ, ದನಿಯನ್ನು ಕೇಳಿ, ಸಂಶಯವಿದ್ದಲ್ಲಿ ಕೊರೆದು ನೋಡಿ, ತನ್ನ ಗುರುತನ್ನು ಒತ್ತುತ್ತಿದ್ದನು. ಕ್ರಿಸ್ತಪೂರ್ವದ ಕಾರ್ಷಾಪಣಗಳ ಹಿಂಬದಿಯಲ್ಲಿಯೂ ಇಂತಹ ಚಿಕ್ಕ ಗುರುತುಗಳಿವೆ. ಚೀನದ ವರ್ತಕರು ಸ್ಪೇನಿನ ಡಾಲರುಗಳಿಗೂ, 1873ರಿಂದ ಅಚ್ಚಾದ ಅಮೆರಿಕದ ವ್ಯಾಪಾರಿ ಡಾಲರುಗಳಿಗೂ ಹೀಗೆಯೇ ಮುದ್ರೆಯೊತ್ತಿದರು.

ಚಿನಿವಾರರೆಲ್ಲ ಪರೋಪಕಾರಿಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಬಂಗಾಳದಲ್ಲಿ ನಾಣ್ಯಕ್ಕೆ ವರುಷ ತುಂಬಿತೆಂಬ ನೆಪದಿಂದಲೇ ಬಟ್ಟಾ ಮುರಿಯುತ್ತಿದ್ದರು. 1835ರಲ್ಲಿ 180 ಗ್ರೇನ್ ತೂಕದ ಏಕರೂಪದ ರೂಪಾಯಿಯು ಬಂದ ಬಳಿಕ ಈ ಪರೀಕ್ಷೆಯ ಅವಶ್ಯಕತೆ ಕ್ರಮೇಣ ತಗ್ಗಿತು. ಆದರೂ, ಅರಸನ ಹೆಸರಿದ್ದ ಮಾತ್ರಕ್ಕೆ ನಂಬದೆ, ನಮ್ಮ ವರ್ತಕನು ತನ್ನ ಕಣ್ಣಿನಿಂದಲೇ ಪರೀಕ್ಷಿಸಿದನೆಂಬುದಕ್ಕೆ ಆ ಗುರುತೇ ಸಾಕ್ಷಿ.

ದರ್ಜೆಯನ್ನು ನಿರ್ಣಯಿಸುವಾಗ ಸವಕಲನ್ನೂ ಗುರುತನ್ನೂ ಬೇರೆ ಬೇರೆಯಾಗಿ ನೋಡತಕ್ಕದ್ದು. ಅಕ್ಷರಗಳು ಚೂಪಾಗಿದ್ದು ಮೈಮೇಲೆ ನಾಲ್ಕು ಗುರುತುಗಳಿದ್ದ ಮಾತ್ರಕ್ಕೆ ನಾಣ್ಯವು ಸವೆದದ್ದಾಗುವುದಿಲ್ಲ. ಆದರೆ ಗುರುತು ಎಲ್ಲಿ ಬಿದ್ದಿದೆಯೆಂಬುದು ಮುಖ್ಯ. ಟಂಕಸಾಲೆಯ ಹೆಸರನ್ನಾಗಲಿ ವರುಷವನ್ನಾಗಲಿ ಅದು ಅಳಿಸಿದ್ದರೆ, ನಾಣ್ಯದ ಪರಿಚಯವೇ ಕೆಡುವುದರಿಂದ ಬೆಲೆಯು ಇಳಿಯುವುದು ಸಹಜ. ಬಲವಾಗಿ ಒತ್ತಿದಲ್ಲಿ ಹಿಂಬದಿಯ ಅಕ್ಷರವೂ ಚಪ್ಪಟೆಯಾಗಿರುತ್ತದೆ. ಅದನ್ನು ಸವಕಲೆಂದು ಭ್ರಮಿಸಬಾರದು. ಆಭರಣಕ್ಕಾಗಿ ಕೊರೆದ ತೂತು, ಬೆಸೆದ ಕೊಂಡಿ, ಇವು ನಿಜವಾದ ಹಾನಿಗಳು. ಇವನ್ನು ಚಿನಿವಾರನ ಗುರುತಿನೊಡನೆ ಸೇರಿಸಲಾಗದು. ಮುದ್ರೆಯಿದ್ದ ಮಾತ್ರಕ್ಕೆ ನಾಣ್ಯವು ಅಪ್ಪಟವೆಂದೂ ತಿಳಿಯಬಾರದು. ಖೋಟಾ ನಾಣ್ಯಕ್ಕೆ ಖೋಟಾ ಮುದ್ರೆಯನ್ನೊತ್ತುವವರೂ ಇದ್ದಾರೆ.

ಅಮೆರಿಕದಲ್ಲಿಯೂ ಮುದ್ರೆಬಿದ್ದ ಡಾಲರುಗಳನ್ನು ಬಹುಕಾಲ ಕೆಟ್ಟವೆಂದು ತಳ್ಳುತ್ತಿದ್ದರು. ಈಗ ಅಲ್ಲಿಯ ಪ್ರಮುಖ ನಿರ್ಣಾಯಕ ಸಂಸ್ಥೆಗಳು ಅವಕ್ಕೆ ಅಂಕಿಯ ದರ್ಜೆಯನ್ನು ಕೊಟ್ಟು, ಮುದ್ರೆಯಿರುವುದನ್ನು ಪ್ರತ್ಯೇಕವಾಗಿ ನಮೂದಿಸುತ್ತವೆ. ನಮ್ಮ ವ್ಯಾಪಾರಿಗಳೂ ಸವಕಲಿಗೊಂದು ಸಾಲು, ಗುರುತಿಗೊಂದು ಸಾಲು ಬರೆದುಕೊಟ್ಟರೆ ಕೊಳ್ಳುವವನಿಗೂ ಮಾರುವವನಿಗೂ ನ್ಯಾಯ ದೊರೆತೀತು. ಗೃಹಸ್ಥರಾದರೋ ಗುರುತನ್ನು ಮರೆಮಾಡಲೆಂದು ನಾಣ್ಯವನ್ನು ತಿಕ್ಕಿ ಹೊಳಪಿಸಬಾರದು. ಅದರಿಂದಾಗುವ ನಷ್ಟವೇ ಹೆಚ್ಚು. ತೂಕಕ್ಕೆ ಕೊಡುವ ಮೊದಲು ಬಲ್ಲವರಿಂದ ಟಂಕಸಾಲೆಯನ್ನೂ ವರುಷವನ್ನೂ ಓದಿಸಿಕೊಳ್ಳಲಿ. ಮೂಸೆಯಲ್ಲಿ ಕರಗಿದ ನಾಣ್ಯವು ಬೆಳ್ಳಿಯಾಗಿ ಉಳಿದೀತು, ಚರಿತ್ರೆಯಾಗಿ ಉಳಿಯದು.