ಮಾಟಿ ಎಂಬ ಕಾಮೆಂಟರಿ ಕಸುಬುದಾರ

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಎಫ್‌ಎ ಕಪ್ ಗೆದ್ದ ನಾಯಕ ಟ್ರೋಫಿ ಪಡೆಯಬೇಕೆಂದರೆ ಲಂಡನ್ನಿನ ಹಳೆಯ ವೆಂಬ್ಲಿಯಲ್ಲಿ 39 ಮೆಟ್ಟಿಲು ಹತ್ತಬೇಕಿತ್ತು. 1977ರಲ್ಲಿ ಲಿವರ್‌ಪೂಲನ್ನು 2–1ರಿಂದ ಮಣಿಸಿದ ಮ್ಯಾಂಚೆಸ್ಟರ್ ಯುನೈಟೆಡ್‌ನ ನಾಯಕ ಮಾರ್ಟಿನ್ ಬಕನ್. ‘ದಿ ಥರ್ಟಿನೈನ್ ಸ್ಟೆಪ್ಸ್’ ಕಾದಂಬರಿ ಬರೆದವರು ಜಾನ್ ಬಕನ್. ನಾಯಕ ಮೆಟ್ಟಿಲಿಗೆ ಕಾಲಿಟ್ಟಾಗ ಬಿಬಿಸಿಯ ಕಾಮೆಂಟೇಟರ್ ಜಾನ್ ‘ಮಾಟಿ’ ಮಾಟ್ಸನ್ ಇವೆರಡನ್ನೂ ಒಂದೇ ವಾಕ್ಯದಲ್ಲಿ ಗಂಟು ಹಾಕಿಬಿಟ್ಟರು. ಇಂಥ ಮಾತು ನಿಂತ ನಿಲುವಿನಲ್ಲಿ ಹೊಳೆಯುವುದು ಕಡಿಮೆ. ಮನೆಪಾಠ ಮಾಡಿದವರಿಗಷ್ಟೇ ದಕ್ಕುತ್ತದೆ. ಮಾಟ್ಸನ್ ಅವರಿಗೆ ಅದು ಮೊದಲ ಎಫ್‌ಎ ಕಪ್ ಫೈನಲ್. ಹಿರಿಯ ಕಾಮೆಂಟೇಟರ್ ಡೇವಿಡ್ ಕೋಲ್‌ಮನ್ ಮತ್ತು ಬಿಬಿಸಿ ನಡುವಿನ ಒಪ್ಪಂದದ ತಕರಾರಿನಿಂದ ಒದಗಿದ ಅವಕಾಶ.

1945ರಲ್ಲಿ ಸಾಲ್ಫರ್ಡ್‌ನಲ್ಲಿ ಹುಟ್ಟಿದ ಮಾಟ್ಸನ್ ಮೆಥಡಿಸ್ಟ್ ಪಾದ್ರಿಯ ಮಗ. ಬಾರ್ನೆಟ್‌ನ ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರಿಕೆ ಕಲಿತು, ಶೆಫೀಲ್ಡ್‌ಗೆ ಹೋಗಿ, 1968ರಲ್ಲಿ ಬಿಬಿಸಿ ರೇಡಿಯೊ ಸೇರಿದರು. 1971ರಲ್ಲಿ ಟಿವಿಯ ‘ಮ್ಯಾಚ್ ಆಫ್ ದ ಡೇ’ಗೆ ಬಂದಾಗ ಇನ್ನೂ ಹೊಸಬ. ಮರುವರ್ಷದ ಫೆಬ್ರುವರಿ 5ರಂದು ಎಫ್‌ಎ ಕಪ್ ಪಂದ್ಯಕ್ಕೆಂದು ಅವರನ್ನು ಹೆರಿಫರ್ಡ್ ಎಂಬ ಪುಟ್ಟ ಊರಿಗೆ ಕಳಿಸಲಾಯಿತು. ಲೀಗ್‌ನೊಳಗೇ ಇಲ್ಲದ ಆ ಊರಿನ ತಂಡಕ್ಕೆ ಎದುರಾಳಿ ಮೊದಲ ಡಿವಿಷನ್ನಿನ ನ್ಯೂಕ್ಯಾಸಲ್. ಕೊನೆಯ ಹೊತ್ತಿನಲ್ಲಿ ನ್ಯೂಕ್ಯಾಸಲ್ ಗೋಲು ಹೊಡೆದಾಗ ಕಥೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಅಷ್ಟರಲ್ಲಿ ರಾನಿ ರ‍್ಯಾಡ್‌ಫರ್ಡ್ ಕೆಸರುಗದ್ದೆಯಂತಿದ್ದ ಅಂಗಳದ ಮಧ್ಯದಿಂದ ಮುನ್ನುಗ್ಗಿ, ಚೆಂಡನ್ನು ಜೊತೆಗಾರನಿಗೆ ಕೊಟ್ಟು ಮರಳಿ ಪಡೆದು, ದೂರದಿಂದಲೇ ಬಲೆಗೆ ಸಿಡಿಸಿದರು. ಹುಡುಗರ ದಂಡು ಅಂಗಳಕ್ಕೆ ನುಗ್ಗಿತು. ಮಾಟ್ಸನ್ ಉದ್ಗರಿಸಿದ್ದು ಕೆಲವೇ ಮಾತು, ಅದರಲ್ಲಿ ಗೋಲು ಹೊಡೆದವನ ಹೆಸರೂ ಇತ್ತು. ಹೆಚ್ಚುವರಿ ಸಮಯದಲ್ಲಿ ರಿಕಿ ಜಾರ್ಜ್ ಎರಡನೇ ಗೋಲು ಬಾರಿಸಿದ್ದರಿಂದ ಹೆರಿಫರ್ಡ್ ಗೆದ್ದಿತು. ಆ ಪಂದ್ಯವೇ ತಮ್ಮ ಬದುಕು ಬದಲಿಸಿತೆಂದು ಮಾಟ್ಸನ್ ಮುಂದೆಯೂ ಹೇಳುತ್ತಿದ್ದರು.

ಆಗಿನ್ನೂ ಆಟಗಾರರ ಅಂಗಿಯ ಬೆನ್ನ ಮೇಲೆ ಹೆಸರು ಇರುತ್ತಿರಲಿಲ್ಲ. ಇಂಗ್ಲಿಷ್ ಲೀಗ್ ಪಂದ್ಯಗಳಲ್ಲಿ ಆ ಪದ್ಧತಿ ಶುರುವಾದದ್ದು 1993ರಲ್ಲಿ. ಕೆಸರು ಮೆತ್ತಿದರೆ ನಂಬರೂ ಕಾಣದು. ನಡಿಗೆ, ತಲೆಗೂದಲು, ಓಡುವ ವರಸೆ ನೋಡಿಯೇ ಇಂಥವನೆಂದು ಹೇಳಬೇಕು. ರೇಡಿಯೊದಲ್ಲಿ ಒಂದು ಹೆಸರು ತಪ್ಪಿದರೆ ದಾಟಿಸಿಕೊಂಡು ಹೋಗಬಹುದು. ಟಿವಿಯಲ್ಲಿ ಮನೆಮಂದಿಯೆಲ್ಲ ಹಿಡಿಯುತ್ತಾರೆ. ಅದಕ್ಕೇ ಮಾಟ್ಸನ್ ಬಣ್ಣಬಣ್ಣದ ಪೆನ್ನುಗಳಲ್ಲಿ ಆಟಗಾರರ ಜಾತಕ ಬರೆದಿಟ್ಟುಕೊಂಡು ಕೂರುತ್ತಿದ್ದರು. ಅಂಕಿಅಂಶ ಕಲೆಹಾಕಲು ಪತ್ನಿ ಆ್ಯನ್ ನೆರವಾಗುತ್ತಿದ್ದರು. ಬರೆದದ್ದರಲ್ಲಿ ಬಹುಪಾಲು ಬಾಯಿಗೆ ಬರುವುದೇ ಇಲ್ಲ. ಒಂದು ಕಣ್ಣು ಅಂಗಳದ ಮೇಲಿದ್ದರೆ ಇನ್ನೊಂದು ಮಾನಿಟರ್ ಮೇಲಿರಬೇಕು; ತೆರೆಯ ಮೇಲೆ ಕೋಚ್‌ನ ಮುಖ ಕಾಣುತ್ತಿರುವಾಗ ಕಾರ್ನರ್ ಕಿಕ್ ಬಗ್ಗೆ ಮಾತಾಡಿದರೆ ನೋಡುವವರಿಗೆ ತಲೆಬುಡ ತಿಳಿಯದು.

ಅಂಕಿಅಂಶದ ಈ ಗೀಳು ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಬಿಬಿಸಿಯಲ್ಲೇ ಇದ್ದ ಬ್ಯಾರಿ ಡೇವಿಸ್ ಮಾತನ್ನು ಅಳೆದು ತೂಗಿ ಆಡುವವರು. 1994ರ ವಿಶ್ವಕಪ್ ಫೈನಲ್ಲಿಗೆ ಬಿಬಿಸಿ ಆರಿಸಿದ್ದು ಅವರನ್ನೇ. ನನಗೂ ಡೇವಿಸ್ ಕಡೆ ಒಂದು ತೂಕ ಹೆಚ್ಚೇ ಒಲವು. ಆದರೆ ಆಟವನ್ನು ಹುಡುಗನಂತೆ ಹಚ್ಚಿಕೊಂಡವರೆಂದರೆ ಮಾಟ್ಸನ್ನೇ. 2002ರಲ್ಲಿ ಜಪಾನ್‌ನಲ್ಲಿ ನಡೆದ ಇಂಗ್ಲೆಂಡ್–ಬ್ರೆಜಿಲ್ ಪಂದ್ಯ ಬ್ರಿಟನ್ನಿನಲ್ಲಿ ಬೆಳಗಿನ ಹೊತ್ತಿಗೆ ಪ್ರಸಾರವಾದಾಗ, ಪಂದ್ಯದುದ್ದಕ್ಕೂ ತಿಂಡಿಯ ಮಾತು ಎಳೆತಂದು ಕೆಲವರನ್ನು ನಗಿಸಿದರು, ಕೆಲವರ ತಲೆ ಚಿಟ್ಟು ಹಿಡಿಸಿದರು.

ಯಾವ ಟಿಪ್ಪಣಿಯೂ ಕೆಲಸಕ್ಕೆ ಬಾರದ ದಿನವೂ ಬಂತು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಅಂಗಳದಲ್ಲಿ ಎಫ್‌ಎ ಕಪ್ ಸೆಮಿಫೈನಲ್ ಆರು ನಿಮಿಷಕ್ಕೇ ನಿಂತಿತು. ನೂಕುನುಗ್ಗಲಿನಲ್ಲಿ ಸಿಲುಕಿ ಸತ್ತವರ ಸಂಖ್ಯೆ ಮುಂದೆ 97ಕ್ಕೆ ಮುಟ್ಟಿತು. ಆಟ ವರದಿ ಮಾಡಲು ಹೋಗಿದ್ದ ಮಾಟ್ಸನ್ ಕಣ್ಣೆದುರಿನ ದುರಂತವನ್ನು ಹೇಳಬೇಕಾಯಿತು.

2018ರಲ್ಲಿ ಅವರು ಬಿಬಿಸಿಯಿಂದ ನಿವೃತ್ತರಾದರು. ಮನೆಯಲ್ಲಿ ಕೂತರೇ? ಅದೇ ವರ್ಷ ಟಾಕ್‌ಸ್ಪೋರ್ಟ್ ರೇಡಿಯೊ ಸೇರಿದರು. 2023ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರಿಗೆ 77 ವರ್ಷ.