ಬಿಡದ ನೆಗಡಿ: ಭಯ ಒಂದರ ಮೇಲೆ, ಅಪಾಯ ಇನ್ನೊಂದರಲ್ಲಿ

ಬೆಳಗ್ಗೆ ಏಳುತ್ತಿದ್ದಂತೆ ಸಾಲು ಸಾಲು ಸೀನು, ಆಮೇಲೆ ನೀರಿನಂತೆ ಸೋರುವ ಮೂಗು, ರಾತ್ರಿ ಮಲಗಿದರೆ ಹೊಳ್ಳೆ ಕಟ್ಟಿ ಬಾಯಲ್ಲೇ ಉಸಿರಾಟ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆ ಇದಕ್ಕೆ ‘ಡಸ್ಟ್ ಅಲರ್ಜಿ’ ಅನ್ನುತ್ತಾರೆ. ಮನೆಯ ಹಿರಿಯರಾದರೆ ‘ಅವನದು ಶೀತದ ಮೈ’ ಎಂದು ಮಾತು ಮುಗಿಸುತ್ತಾರೆ. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು, ಸತತ ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಹೀಗೇ ನಡೆದರೆ ಅದು ದೀರ್ಘಕಾಲದ ಅಲರ್ಜಿ ನೆಗಡಿ ಎಂಬುದು ವೈದ್ಯರ ಲೆಕ್ಕ. ಇದನ್ನು ಹತೋಟಿಯಲ್ಲಿಡುವ ಒಳ್ಳೆಯ ಔಷಧಿಗಳಿವೆ. ಸಂಕಟವೇನೆಂದರೆ, ನಿಶ್ಚಿಂತೆಯಿಂದ ಬಳಸಬಹುದಾದ ಔಷಧಿಗೆ ಜನ ಹೆದರುತ್ತಾರೆ, ಹೆದರಬೇಕಾದದ್ದನ್ನು ಧೈರ್ಯವಾಗಿ ಕೇಳಿ ಪಡೆಯುತ್ತಾರೆ.

ಮೊದಲು ಆ ಧೂಳಿನ ಮಾತು. ಹೆದ್ದಾರಿ 48ರ ಲಾರಿಗಳು ಎಬ್ಬಿಸುವ ಧೂಳು, ಕಡಲೆಕಾಯಿ ಬಿಡಿಸುವಾಗ ಏಳುವ ಹೊಟ್ಟು ಮೂಗನ್ನು ಕೆರಳಿಸುತ್ತವೆ, ನಿಜ. ಆದರೆ ವರ್ಷಪೂರ್ತಿ ಬಿಡದೆ ಕಾಡುವ ಅಲರ್ಜಿಯ ಮೂಲ ಹೆಚ್ಚಾಗಿ ಇರುವುದು ರಸ್ತೆಯಲ್ಲಲ್ಲ, ಹಾಸಿಗೆಯಲ್ಲಿ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಧೂಳುಹುಳು ಹತ್ತಿಯ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಬದುಕುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯೇ ಅದರ ಆಹಾರ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಉಸಿರಿನ ಜೊತೆ ಒಳಗೆ ಹೋಗಿ ಅಲರ್ಜಿ ಎಬ್ಬಿಸುತ್ತದೆ. ಜಿರಲೆ ಮತ್ತು ಬೂಷ್ಟು ಅದರ ಜೊತೆಗಾರರು. ಇವುಗಳ ಮೇಲೆ ಹೊಲದ ಬದುವಿನ ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿಗಳ ಪರಾಗವೂ ಸೇರಿಕೊಳ್ಳುತ್ತದೆ. ಧೂಳುಹುಳು ಗಾಳಿಯ ತೇವದಿಂದಲೇ ನೀರು ಹೀರಿಕೊಂಡು ಬದುಕುವ ಜೀವಿ. ಹಾಗಾಗಿ ಹಾಸಿಗೆ, ಕಂಬಳಿಗಳನ್ನು ಸುಡುಬಿಸಿಲಿಗೆ ಹಾಕಿ ಕೊಡವುವ ನಮ್ಮ ಹೆಂಗಸರ ವಾಡಿಕೆಗೆ ಗಟ್ಟಿ ಕಾರಣವಿದೆ. ಕೊಡವುವ ಕೆಲಸವನ್ನು ಮಾತ್ರ ಅಲರ್ಜಿ ಇರುವವರು ಮಾಡಬಾರದು.

ಇನ್ನು ಔಷಧಿಗಳು. ‘ಮೂಗಿಗೆ ಹೊಡೆಯುವ ಸ್ಪ್ರೇ ಅಭ್ಯಾಸವಾಗಿಬಿಡುತ್ತೆ, ಅದರಲ್ಲಿ ಸ್ಟೀರಾಯ್ಡ್ ಇದೆ’ ಎಂಬ ಮಾತನ್ನು ಮೆಡಿಕಲ್ಸ್‌ನಲ್ಲೂ ಕೇಳುತ್ತೀರಿ, ನೆಂಟರ ಮನೆಯಲ್ಲೂ ಕೇಳುತ್ತೀರಿ. ಇಲ್ಲಿ ಎರಡು ಬೇರೆ ಬೇರೆ ಔಷಧಿಗಳಲ್ಲಿ ಒಂದರ ಕೆಟ್ಟ ಹೆಸರನ್ನು ಇನ್ನೊಂದು ಹೊತ್ತಿದೆ.

ಅಭ್ಯಾಸವಾಗುವುದು ಕ್ಸೈಲೊಮೆಟಾಜೊಲಿನ್ ಮತ್ತು ಆಕ್ಸಿಮೆಟಾಜೊಲಿನ್ ಹನಿಗಳು. ಒಟ್ರಿವಿನ್, ನಾಸಿವಿಯಾನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿರುವವು. ಮೂಗಿನ ಒಳಪದರದಲ್ಲಿ ಊದಿಕೊಂಡ ರಕ್ತನಾಳಗಳನ್ನು ಇವು ಹಿಂಡಿಬಿಡುತ್ತವೆ, ಕೆಲವೇ ನಿಮಿಷದಲ್ಲಿ ಉಸಿರು ಸರಾಗವಾಗುತ್ತದೆ. ಆ ಹಾಯೆನಿಸುವ ಗಳಿಗೆಯೇ ಬಲೆ. ಔಷಧಿಯ ಕಾವು ಇಳಿದಾಗ ನಾಳಗಳು ಮೊದಲಿಗಿಂತ ಹೆಚ್ಚು ಊದುತ್ತವೆ, ಮತ್ತೆ ಹನಿ ಬೇಕಾಗುತ್ತದೆ. ಮೂರರಿಂದ ಐದು ದಿನದ ಆಚೆಗೆ ಇದನ್ನು ಬಳಸಲೇಬಾರದು. ದಿಂಬಿನ ಕೆಳಗೆ ಸೀಸೆ ಇಟ್ಟುಕೊಂಡು ವರ್ಷಗಟ್ಟಲೆ ಹಾಕಿಕೊಳ್ಳುವವರ ಮೂಗು ಕಟ್ಟುವುದು ಅಲರ್ಜಿಯಿಂದಷ್ಟೇ ಅಲ್ಲ, ಆ ಹನಿಯಿಂದಲೂ ಹೌದು.

ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗಳ ಕತೆಯೇ ಬೇರೆ. ಇವು ಸ್ಟೀರಾಯ್ಡ್ ಹೌದು, ಅಭ್ಯಾಸ ಹಿಡಿಸುವಂಥವಲ್ಲ. ದೊಡ್ಡವರಿಗೆ ಫ್ಲುಟಿಕಾಸೋನ್ ಪ್ರೊಪಿಯೊನೇಟ್‌ನ ದಿನದ ಸಾಮಾನ್ಯ ಪ್ರಮಾಣ 200 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಐದರಲ್ಲೊಂದು ಪಾಲು. ಅದರಲ್ಲೂ ರಕ್ತಕ್ಕೆ ಸೇರುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. 1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 16 ಅಧ್ಯಯನಗಳ, 2,267 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ಪ್ರಕಟಿಸಿತು. ಮೂಗು ಕಟ್ಟುವುದು, ಸೋರುವುದು, ಸೀನು, ತುರಿಕೆ ಎಲ್ಲದರಲ್ಲೂ ಅಲರ್ಜಿ ಮಾತ್ರೆಗಿಂತ ಈ ಸ್ಪ್ರೇಗಳೇ ಮೇಲು ಎಂದು ಕಂಡುಬಂತು. ಕಣ್ಣಿನ ತೊಂದರೆಗಳಲ್ಲಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಹಾಗಾದರೆ ‘ತಂದು ಹೊಡೆದೆ, ಏನೂ ಉಪಯೋಗವಾಗಲಿಲ್ಲ’ ಅನ್ನುವವರು ಅಷ್ಟು ಜನ ಏಕೆ? ಈ ಸ್ಪ್ರೇ ನಿಮಿಷದಲ್ಲಿ ಮೂಗು ಬಿಡಿಸುವುದಿಲ್ಲ. ಕೆಲವು ಗಂಟೆಗಳಲ್ಲಿ ಕೆಲಸ ಶುರುವಾದರೂ ಪೂರ್ತಿ ಫಲ ಕಾಣಲು ಒಂದೆರಡು ವಾರ ದಿನವೂ ಬಳಸಬೇಕು. ಮೂರನೇ ದಿನಕ್ಕೆ ಬಿಟ್ಟವರು ಅದನ್ನು ಪರೀಕ್ಷಿಸಿಯೇ ಇಲ್ಲ. ಹೊಡೆಯುವ ರೀತಿಯೂ ಮುಖ್ಯ. ಮೂಗು ಸೀಟಿಕೊಂಡು, ಸೀಸೆ ಅಲ್ಲಾಡಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ತುದಿ ತಾನಾಗಿ ಹೊರಗಡೆಗೆ, ಕಿವಿಯ ಕಡೆಗೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ಹೊಡೆದರೆ ಪದರ ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗಿಳಿದು ವ್ಯರ್ಥ. ಮಕ್ಕಳಿಗಾದರೆ ವೈದ್ಯರ ಮಾತಿನಂತೆ ಕಡಿಮೆ ಪ್ರಮಾಣ ಸಾಕು, ಆಗಾಗ ಎತ್ತರ ಅಳೆಸಬೇಕು. ಕಣ್ಣಿನ ಪೊರೆ, ಗ್ಲಾಕೋಮಾ ಇರುವವರು, ಮೂಗಿನ ಶಸ್ತ್ರಚಿಕಿತ್ಸೆ ಆದವರು ಅದನ್ನು ಮೊದಲೇ ಹೇಳಬೇಕು.

ಸ್ಪ್ರೇಯ ಸ್ಟೀರಾಯ್ಡ್‌ಗೆ ಹೆದರುವವರೇ ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ, ಆರು ತಿಂಗಳು ಯೋಚನೆ ಇರಲ್ಲ’ ಅನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಆ ಸೂಜಿ ಬಹುಮಟ್ಟಿಗೆ ಟ್ರಯಾಮ್ಸಿನೊಲೋನ್‌ನಂಥ ಸ್ಟೀರಾಯ್ಡೇ. ಮೂಗಿಗಷ್ಟೇ ಅಲ್ಲ, ಇಡೀ ಮೈಗೆ ಹರಡಿ ವಾರಗಟ್ಟಲೆ ಒಳಗೇ ಇರುತ್ತದೆ, ಬೇಡವೆಂದರೆ ತೆಗೆಯಲು ಬರುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಏರುತ್ತದೆ, ಪದೇ ಪದೇ ಹಾಕಿಸಿದರೆ ಮೂಳೆ ಸವೆಯುತ್ತದೆ, ಮೈ ತಾನೇ ತಯಾರಿಸಬೇಕಾದ ಸ್ಟೀರಾಯ್ಡ್ ಕುಗ್ಗುತ್ತದೆ. ಚೀಟಿಯಿಲ್ಲದೆ ಕೊಂಡು ನುಂಗುವ ಬೆಟಾಮೆಥಾಸೋನ್, ಡೆಕ್ಸಾಮೆಥಾಸೋನ್ ಮಾತ್ರೆಗಳಿಗೂ ಇದೇ ಮಾತು. ಅವನ್ನು ಬಹಳ ದಿನ ತೆಗೆದುಕೊಂಡಿದ್ದರೆ ದಿಢೀರನೆ ನಿಲ್ಲಿಸುವುದೂ ಅಪಾಯ, ವೈದ್ಯರ ಸಲಹೆಯಂತೆ ಇಳಿಸುತ್ತ ಬರಬೇಕು.

‘ಅಲರ್ಜಿ ಮಾತ್ರೆ ಎಲ್ಲಾ ಒಂದೇ, ನುಂಗಿದರೆ ನಿದ್ದೆ’ ಎಂಬುದು ಅರ್ಧ ನಿಜ. ಅವಿಲ್ ಮತ್ತು ಕ್ಲೋರ್‌ಫೆನಿರಮಿನ್ ಹಳೆಯ ಪೀಳಿಗೆಯವು, ಮಿದುಳಿಗೆ ಇಳಿದು ಮಂಪರು ತರುತ್ತವೆ. ಸೆಟಿರಿಜಿನ್, ಲೆವೊಸೆಟಿರಿಜಿನ್ ಅಷ್ಟಿಲ್ಲದಿದ್ದರೂ ಕೆಲವರಿಗೆ ತೂಕಡಿಕೆ ಬರಿಸುತ್ತವೆ. ಫೆಕ್ಸೊಫೆನಡಿನ್, ಬಿಲಾಸ್ಟಿನ್‌ಗಳಲ್ಲಿ ಅದು ತೀರಾ ಕಡಿಮೆ. ಹಿರಿಯೂರು–ತುಮಕೂರು ನಡುವೆ ರಾತ್ರಿ ಲಾರಿ ಓಡಿಸುವವರು ಈ ವ್ಯತ್ಯಾಸವನ್ನು ಕೇಳಿಯೇ ಮಾತ್ರೆ ಕೊಳ್ಳಬೇಕು. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಿ. ಕಿತ್ತಳೆ, ಸೇಬಿನ ರಸದ ಜೊತೆ ತೆಗೆದುಕೊಂಡರೆ ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸೀನು, ತುರಿಕೆಗೆ ಮಾತ್ರೆಗಳು ಒಳ್ಳೆಯವು, ಕಟ್ಟಿದ ಮೂಗಿಗೆ ದುರ್ಬಲ. ತೊಂದರೆ ಸೌಮ್ಯವಾಗಿದ್ದರೆ ಮಾತ್ರೆಯೇ ಸಾಕು.

ಲೆವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿಸಿದ ಮಾತ್ರೆ ನಮ್ಮಲ್ಲಿ ತುಂಬ ಬಳಕೆಯಲ್ಲಿದೆ, ಎರಡು ಔಷಧಿ ಇದ್ದರೆ ಬಲ ಹೆಚ್ಚು ಎಂಬ ನಂಬಿಕೆ. ಮೂಗಿನ ಅಲರ್ಜಿಗೆ ಮಾಂಟೆಲುಕಾಸ್ಟ್ ಸ್ಪ್ರೇಗೆ ಸಮವಲ್ಲ. ಕೆಟ್ಟ ಕನಸು, ಕಳವಳ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚ್‌ನಲ್ಲಿ ಇದಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಬೇರೆ ಔಷಧಿ ಹಿಡಿಸದವರಿಗಷ್ಟೇ ಇದು ಎಂಬುದು ಅದರ ಸಲಹೆ. ಆಸ್ತಮಾಕ್ಕೆಂದು ವೈದ್ಯರು ಕೊಟ್ಟಿದ್ದರೆ ಕೇಳದೆ ಬಿಡಬೇಡಿ. ಮಗು ರಾತ್ರಿ ಬೆಚ್ಚಿ ಏಳತೊಡಗಿದರೆ ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ನೆನಪಿಸಿ. ಇನ್ನು ‘ಕೋಲ್ಡ್ ಮಾತ್ರೆ’ಗಳಲ್ಲಿರುವ ಫಿನೈಲ್‌ಎಫ್ರಿನ್ ಬಾಯಿಂದ ತೆಗೆದುಕೊಂಡರೆ ಮೂಗು ಬಿಡಿಸುವುದೇ ಇಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅದೇ ಸಂಸ್ಥೆಯ ಸಲಹಾ ಸಮಿತಿ ಒಮ್ಮತದಿಂದ ಹೇಳಿತು. ಕ್ಲೋರ್‌ಫೆನಿರಮಿನ್ ಜೊತೆ ಅದನ್ನು ಸೇರಿಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತದ ಔಷಧ ನಿಯಂತ್ರಕರೂ ಸೂಚಿಸಿದರು.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಯೋಗದವರ ಜಲನೇತಿ, ಖಂಡಿತ ಉಪಕಾರಿ. ಸ್ಪ್ರೇಗೆ ಮೊದಲು ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಬೋರ್‌ವೆಲ್ ನೀರಾಗಲಿ, ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರಾಗಲಿ, ಕುದಿಸಿ ಆರಿಸದೆ ಮೂಗಿಗೆ ಬಿಡಬೇಡಿ. ಮೂಗಿನಿಂದ ಮಿದುಳಿಗೇರುವ ಅಮೀಬಾದ ಸೋಂಕು ಅಪರೂಪವಾದರೂ ಪ್ರಾಣಕ್ಕೇ ಎರವಾಗುತ್ತದೆ.

ಸರಿಯಾಗಿ ಬಳಸಿದರೂ ಒಂದು ತಿಂಗಳಲ್ಲಿ ಗುಣ ಕಾಣದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು. ಅಜೆಲಾಸ್ಟಿನ್ ಸೇರಿದ ಸ್ಪ್ರೇಯಂಥ ಮುಂದಿನ ಹೆಜ್ಜೆಗಳು ಅವರ ಬಳಿ ಇವೆ. ಮೂಗಿನ ಜೊತೆ ಎದೆಯಲ್ಲಿ ಸುಯ್ ಸುಯ್ ಸದ್ದಿದ್ದರೆ ಆಸ್ತಮಾ ಪರೀಕ್ಷೆಯೂ ಆಗಲಿ. ಒಂದೇ ಹೊಳ್ಳೆ ಸದಾ ಕಟ್ಟುತ್ತಿದ್ದರೆ, ಒಂದೇ ಕಡೆಯಿಂದ ರಕ್ತ ಬರುತ್ತಿದ್ದರೆ ಅದನ್ನು ಅಲರ್ಜಿಯೆಂದು ತಳ್ಳಿಹಾಕದೆ ಆ ವಾರವೇ ತೋರಿಸಿ.