ಇನ್ನೂರ ಏಳು ರೂಪಾಯಿಯ ಅಕ್ಷರ

ಕಳೆದ ತಿಂಗಳು ಮೈಸೂರಿನ ಒಂದು ಬ್ಯಾಂಕಿನಲ್ಲಿ, ವೃದ್ಧಾಪ್ಯ ವೇತನಕ್ಕಾಗಿ ಕಾದಿದ್ದವರ ಸಾಲಿನಲ್ಲಿ, ದಿನವೂ ನಮ್ಮ ಬೀದಿಗೆ ಹೂ ತರುವ ಮುದುಕಿಯನ್ನು ಕಂಡೆ. ಗುಮಾಸ್ತರು ಕಾಗದವನ್ನು ಮುಂದಕ್ಕೆ ಸರಿಸುವ ಮೊದಲೇ ಆಕೆ ಹೆಬ್ಬೆರಳನ್ನು ಶಾಯಿಯ ಡಬ್ಬಿಯತ್ತ ಚಾಚಿದ್ದಳು. ರುಜು ಹಾಕಲು ಕಲಿತೆನೆಂದು ಕೆಲವು ವರ್ಷಗಳ ಹಿಂದೆ ನನ್ನ ಮನೆಯಾಕೆಯ ಮುಂದೆ ಹಿಗ್ಗಿ ಹೇಳಿದ್ದವಳೂ ಆಕೆಯೇ. ಏನಾಯಿತೆಂದು ಕೇಳಿದೆ.

“ಕಲ್ತಿದ್ದೆ ಮೇಷ್ಟ್ರೆ, ಮರ್ತೋಯ್ತು. ಪಾಠ ಹೇಳ್ಕೊಡೋ ಹುಡ್ಗಿ ಬರೋದು ನಿಲ್ಸುದ್ಲು. ಆಮೇಲೆ ಓದಕ್ಕೆ ಮನೇಲಿ ಏನಿತ್ತು?”

ಹುಡುಗಿಗೆ ಬರುತ್ತಿದ್ದ ಗೌರವಧನ ನಿಂತಿತ್ತಂತೆ.

ವಯಸ್ಕರ ಶಿಕ್ಷಣಕ್ಕೆ ಸರ್ಕಾರದ ಹಣ ಬರುವುದು ಯೋಜನೆಯ ಅವಧಿಯನ್ನು ಅನುಸರಿಸಿ. ಮರೆವು ಮಾತ್ರ ಯಾವ ಅವಧಿಯನ್ನೂ ನೋಡುವುದಿಲ್ಲ. 2009ರಲ್ಲಿ ಆರಂಭವಾದ ಸಾಕ್ಷರ ಭಾರತ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯ ಲೋಕ ಶಿಕ್ಷಣ ಕೇಂದ್ರಕ್ಕೆ ಇಬ್ಬರು ಪ್ರೇರಕರಿದ್ದರು. ತಲಾ ತಿಂಗಳಿಗೆ 2,000 ರೂಪಾಯಿ. 2018ರ ಮಾರ್ಚ್‌ನಲ್ಲಿ ಅದು ಮುಗಿಯಿತು. ಅದರ ಸ್ಥಾನಕ್ಕೆ ನವಭಾರತ ಸಾಕ್ಷರತಾ ಕಾರ್ಯಕ್ರಮ ಬಂದದ್ದು 2022ರಲ್ಲಿ. ನಡುವಣ ನಾಲ್ಕು ವರ್ಷಗಳಲ್ಲಿ ಎಷ್ಟು ರುಜುಗಳು ಮರಳಿ ಹೆಬ್ಬೆಟ್ಟುಗಳಾದವೋ!

ಹೊಸ ಕಾರ್ಯಕ್ರಮಕ್ಕೆ 2027ರವರೆಗೆ ಗೊತ್ತುಪಡಿಸಿದ ಮೊತ್ತ 1,037.90 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 700 ಕೋಟಿ, ಉಳಿದುದು ರಾಜ್ಯಗಳದು. ಕಲಿಸಬೇಕಾದವರು ಐದು ಕೋಟಿ ಜನ. ಕನ್ನಡದ ಮೇಷ್ಟರಿಗೆ ಲೆಕ್ಕ ಬಾರದೆಂಬ ಮಾತುಂಟು. ಆದರೂ ಭಾಗಿಸಿ ನೋಡಿದೆ. ತಲೆಗೆ ಸುಮಾರು 207 ರೂಪಾಯಿ! ಹಬ್ಬದ ದಿನ ನಮ್ಮ ಹೂವಿನ ಮುದುಕಿಯ ಬುಟ್ಟಿಯಿಂದ ಆ ಹಣಕ್ಕೆ ಕೆಲವು ಮೊಳ ಮಲ್ಲಿಗೆ ಸಿಕ್ಕೀತು. ಪಾಠ ಹೇಳುವವರು ಸ್ವಯಂಸೇವಕರು, ಅವರಿಗೆ ಸಂಬಳವಿಲ್ಲ. ಸೇವಾಭಾವನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ವರ್ಷವಿಡೀ ಸಂಜೆಯ ಹೊತ್ತು ಪರರಿಗಾಗಿ ತೆರಬಲ್ಲ ಬಡ ಹುಡುಗಿಯರು ಎಷ್ಟು ಮಂದಿ?

ಈ ವಿಷಯದಲ್ಲಿ ಮೈಸೂರಿಗೆ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. 1940ರ ದಶಕದಲ್ಲಿಯೇ ಇಲ್ಲಿ ನೆಲೆಗೊಂಡ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿಸಿ ಕೈತೊಳೆದುಕೊಳ್ಳಲಿಲ್ಲ. ಹೊಸದಾಗಿ ಓದಬಲ್ಲವರಿಗೆಂದು ‘ಬೆಳಕು’ ಪತ್ರಿಕೆಯನ್ನು ಹೊರಡಿಸಿತು, ‘ಪುಸ್ತಕ ಪ್ರಪಂಚ’ವೆಂಬ ಮಾಸಪತ್ರಿಕೆಯನ್ನು ನಡೆಸಿತು, ಸಣ್ಣ ಸಣ್ಣ ಪುಸ್ತಕಗಳನ್ನು ಅಚ್ಚುಮಾಡಿಸಿತು, ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆಯಿತು. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿ, ಗ್ರಾಮದ ತರುಣರನ್ನು ಅಲ್ಲಿಯೇ ಇರಿಸಿಕೊಂಡು ಬೇಸಾಯ, ಕೈಕಸುಬುಗಳೊಡನೆ ಶಿಕ್ಷಣ ನೀಡಿತು. ಅಕ್ಷರವು ಉಳಿಯಬೇಕಾದರೆ ಅದಕ್ಕೆ ದಿನವೂ ಏನಾದರೊಂದು ಕೆಲಸವಿರಬೇಕೆಂಬ ತಿಳಿವಳಿಕೆ ಅಂದಿನವರಿಗಿತ್ತು.

2011ರ ಜನಗಣತಿಯಂತೆ ಮೈಸೂರು ಜಿಲ್ಲೆಯ ಸಾಕ್ಷರತೆ ಶೇಕಡ 72.79, ರಾಜ್ಯದ ಸರಾಸರಿ 75.36. ಅರಮನೆ, ವಿಶ್ವವಿದ್ಯಾನಿಲಯಗಳ ಊರೆಂದು ಬೀಗುವ ನಾವು ಸರಾಸರಿಗಿಂತ ಕೆಳಗಿದ್ದೆವು. ಅನುದಾನದಲ್ಲಿ ಒಂದು ಪಾಲನ್ನಾದರೂ ತರಗತಿ ಮುಗಿದ ಮೇಲಿನ ಓದಿಗೆಂದೇ, ಯೋಜನೆ ಬದಲಾದರೂ ನಿಲ್ಲದಂತೆ, ಕಾದಿರಿಸುವುದು ಅಸಾಧ್ಯವೆ?

ಮುದುಕಿಗೆ ಒಂದು ಕಾಪಿ ಪುಸ್ತಕ ತಂದುಕೊಟ್ಟಿದ್ದೇನೆ. ಬುಟ್ಟಿಯನ್ನು ನಮ್ಮ ಜಗಲಿಯ ಮೇಲಿಳಿಸಿ ದಿನಕ್ಕೆ ಒಂದು ಸಾಲು ತಿದ್ದುತ್ತಾಳೆ. ಆಕೆಯ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ. ಅದಿನ್ನೂ ಕೈಗೆ ಹತ್ತಿಲ್ಲ.